ಬೇಡುವ ಇಂಗ್ಲಿಷ್ ಸಾಕು, ಕೇಳುವ ಇಂಗ್ಲಿಷ್ ಬೇಕು



ನಾವು ಬಿ.ಎ. ಓದುವಾಗ ಒಂದು ವರ್ಷ ನಾಲ್ಕು ತಿಂಗಳು ಸ್ಕಾಲರ್‌ಶಿಪ್ ಬರಲಿಲ್ಲ. ಇಂಗ್ಲಿಷಿನಲ್ಲಿ ಅರ್ಜಿ ಕೊಟ್ಟರೆ ಸಾಹೇಬರು ಓದ್ತಾರೆ ಅಂತ ಯಾರೋ ಹೇಳಿದರು. ಹಾಸ್ಟೆಲಿನ ಐದಾರು ಜನ ರಾತ್ರಿಯೆಲ್ಲ ಕೂತು ಬರೆದೆವು. ಶುರುವೇ ‘ವಿ ಬೆಗ್ ಟು ಸ್ಟೇಟ್’. ಆಮೇಲೆ ‘ಸ್ಕಾಲರ್‌ಶಿಪ್ ಈಸ್ ನಾಟ್ ಕಮಿಂಗ್’. ಅರ್ಜಿ ತಗೊಂಡ ಗುಮಾಸ್ತರು ನಕ್ಕು, ‘ಬರ್ತದೆ ಹೋಗ್ರಯ್ಯ’ ಅಂದರು. ಮಳೆ ಬರುತ್ತದೆ ಅನ್ನುವ ಹಾಗೆ!

ತಪ್ಪು ನಮ್ಮ ಕ್ರಿಯಾಪದದಲ್ಲೂ ಇತ್ತು. ಬೆಗ್ ಅಂದರೆ ಬೇಡು. ಕಚೇರಿ ಕಾಗದದಲ್ಲಿ ಅದು ವಿನಯದ ಮಾತು, ನಿಜ. ಆದರೆ ಬೇಡಿ ಬೇಡಿ ಬೆನ್ನು ಬಾಗಿದ ಅಪ್ಪಂದಿರ ಮಕ್ಕಳು ಹಕ್ಕಿನ ಹಣಕ್ಕೂ ‘ಬೇಡುತ್ತೇವೆ’ ಅಂತಲೇ ಬಾಯಿ ತೆರೆಯಬೇಕೇ? ‘ಬರ್ತಿಲ್ಲ’ ಅಂದರಂತೂ ಹಣಕ್ಕೇ ಕಾಲಿದೆ, ಅದೇ ದಾರಿ ತಪ್ಪಿದೆ ಅಂದಂತಾಯಿತು. ಕೊಡಬೇಕಾದ್ದನ್ನು ಕೊಡದೆ ತಡೆಹಿಡಿದರೆ ವಿತ್‌ಹೋಲ್ಡ್. ತಡಮಾಡಿದರೆ ಡಿಲೇ. ಕೊಡೋದಿಲ್ಲ ಅಂದರೆ ರೆಫ್ಯೂಸ್. ಇವುಗಳಲ್ಲಿ ಒಂದನ್ನು ಬರೆದು ನೋಡಿ. ‘ಯಾರು?’ ಅನ್ನುವ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ.

ನಾವು ಇಂಗ್ಲಿಷ್ ಕಲಿಯೋದು ಹೇಗೆ? ಡಿಕ್ಷನರಿಯ ಉದ್ದುದ್ದ ಪದಗಳನ್ನು ಬಾಯಿಪಾಠ ಮಾಡುತ್ತೇವೆ. ಕ್ರಿಯಾಪದ ಬಂದ ಕೂಡಲೇ ಗಿವ್, ಟೇಕ್, ಗೋ, ಸೇ ಇಷ್ಟರಲ್ಲೇ ಮುಗಿಸುತ್ತೇವೆ. ಪೆನ್ನು ತಗೊಂಡರೂ ಟೇಕ್, ಅಪ್ಪನ ಎರಡು ಎಕರೆ ತಗೊಂಡರೂ ಟೇಕ್! ನಮ್ಮವ್ವ ಹಾಗೆ ಹೇಳ್ತಾಳಾ? ಕಿತ್ಕೊಂಡ, ಬಾಚ್ಕೊಂಡ, ದೋಚ್ಕೊಂಡ, ನುಂಗಿ ನೀರು ಕುಡಿದ ಅಂತಾಳೆ. ಒಂದೊಂದರಲ್ಲೂ ಬೇರೆ ಕೈ ಕಾಣುತ್ತದೆ. ಇಂಗ್ಲಿಷಿನಲ್ಲೂ ಅಂಥವಿವೆ: ಸ್ನ್ಯಾಚ್, ಗ್ರ್ಯಾಬ್, ಸೀಜ್, ಲೂಟ್. ಈ ಲೂಟ್ ಅನ್ನೋದು ಇಂಗ್ಲಿಷರು ಹಿಂದಿಯಿಂದ ಎತ್ತಿಕೊಂಡದ್ದು. ಮಾಡಿದ ಕೆಲಸಕ್ಕೆ ಹೆಸರೂ ಇಲ್ಲೇ ಸಿಕ್ಕಿತು!

ನಡೆಯುವುದೂ ಹಾಗೆಯೇ. ಸೌದೆ ಹೊತ್ತು ಕಾಲೆಳೆಯುತ್ತಾ ಬರುವ ಅವ್ವನದು ಟ್ರಜ್. ಎದೆ ಸೆಟೆಸಿ ಬರುವ ಗೌಡನದು ಸ್ಟ್ರಟ್. ಮೆರವಣಿಗೆಯಲ್ಲಿ ನಮ್ಮದು ಮಾರ್ಚ್. ಮೂವರಿಗೂ ವಾಕ್ ಅಂದುಬಿಟ್ಟರೆ ಮೂವರೂ ಸಮಾನರಾಗಿಬಿಟ್ಟರು, ಕಾಗದದ ಮೇಲೆ ಮಾತ್ರ.

ಕ್ರಿಯಾಪದದ ಬೆಲೆ ಬಾಬಾಸಾಹೇಬರಿಗೆ ಗೊತ್ತಿತ್ತು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದ ಸಭೆಗೆಂದು ಬರೆದ ಭಾಷಣಕ್ಕೆ ‘ಅನೈಹಿಲೇಷನ್ ಆಫ್ ಕಾಸ್ಟ್’ ಅಂತ ಹೆಸರಿಟ್ಟರು. ರಿಫಾರ್ಮ್ ಅನ್ನಲಿಲ್ಲ. ಅನೈಹಿಲೇಟ್ ಪದದ ಹೊಟ್ಟೆಯಲ್ಲಿ ‘ಏನೂ ಇಲ್ಲ’ ಅನ್ನುವ ಅರ್ಥದ ಲ್ಯಾಟಿನ್ ಪದ ನಿಹಿಲ್ ಇದೆ. ತೇಪೆ ಹಾಕೋದಲ್ಲ, ಇಲ್ಲವಾಗಿಸೋದು. ಸಂಘಟಕರು ಭಾಷಣ ತಿದ್ದಿ ಅಂದಾಗ ಒಂದು ಕಾಮಾ ಕೂಡ ಬದಲಿಸೋದಿಲ್ಲ ಅಂದರು. ಸಭೆ ರದ್ದಾಯಿತು, ಅವರೇ ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. 1942ರಲ್ಲಿ ನಾಗಪುರದಲ್ಲಿ ನಮಗೆ ಕೊಟ್ಟದ್ದೇನು? ಎಜುಕೇಟ್, ಅಜಿಟೇಟ್, ಆರ್ಗನೈಜ್. ಮೂರೂ ಕ್ರಿಯಾಪದಗಳೇ. ಒಂದೂ ಅಲಂಕಾರವಿಲ್ಲ.

ಇಂಗ್ಲಿಷ್ ಹಿಡಿದು ಕನ್ನಡ ಬಿಡಿ ಅಂತ ನಾವು ಹೇಳುತ್ತಿಲ್ಲ. ಕೇರಿಯ ಕನ್ನಡ ಬಿಟ್ಟವನಿಗೆ ಸ್ನ್ಯಾಚ್‌ಗೂ ಸೀಜ್‌ಗೂ ಇರುವ ವ್ಯತ್ಯಾಸವೇ ಕಿವಿಗೆ ಬೀಳೋದಿಲ್ಲ. ದಿನಾ ಊಟವಾದ ಮೇಲೆ ಅವತ್ತು ಕಂಡ ಒಂದು ಸಂಗತಿ ತಗೊಳ್ಳಿ. ಅವ್ವ ಅದನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದಳು ನೆನೆಸಿಕೊಳ್ಳಿ. ಅದಕ್ಕೆ ತಕ್ಕ ಇಂಗ್ಲಿಷ್ ಕ್ರಿಯಾಪದ ಹುಡುಕಿ, ಮಾಡಿದವರು ಯಾರು ಅನ್ನೋದನ್ನು ಮುಂದಿಟ್ಟು ಒಂದು ವಾಕ್ಯ ಬರೆಯಿರಿ, ರೂಮಿನಲ್ಲಿ ಗಟ್ಟಿಯಾಗಿ ಓದಿ. ದಿನಕ್ಕೊಂದು ಸಾಕು, ವರ್ಷಕ್ಕೆ ಮುನ್ನೂರರವತ್ತೈದು.

ಒಂದು ಎಚ್ಚರ. ಕ್ರಿಯಾಪದ ಬಿಸಿಯಾದಷ್ಟೂ ಪುರಾವೆ ಗಟ್ಟಿಯಿರಬೇಕು. ತಡವಾದದ್ದನ್ನು ಲೂಟ್ ಅಂದರೆ ಗುಮಾಸ್ತರು ಮತ್ತೆ ನಗ್ತಾರೆ, ಈ ಸಲ ನ್ಯಾಯವಾಗಿಯೇ ನಗ್ತಾರೆ. ತಿಂಗಳು, ಮೊತ್ತ, ಆದೇಶದ ನಂಬರು ಬರೆದಿಟ್ಟುಕೊಂಡೇ ಪದ ಆರಿಸಿ.

ಮುಂದಿನ ಅರ್ಜಿ ಬರೆಯುವ ತಮ್ಮಂದಿರೇ, ತಂಗಿಯರೇ, ಮೊದಲ ಸಾಲಿನ ‘ಬೆಗ್’ ಹೊಡೆದುಹಾಕಿ. ‘ವಿ ಡಿಮ್ಯಾಂಡ್’ ಅಂತ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಮಾಡಿ.