ನಿಕಾಹ್‌ಗೆ ಸಾಕ್ಷಿಗಳಿದ್ದರು, ವೀಸಾಕ್ಕೆ ಯಾರಿದ್ದಾರೆ?

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾಗಿದೆ ಎಂದು ಕೇಳಿದರೆ ಹಲವರು ನಮಾಝ್ ಅಥವಾ ಹಜ್ಜ್ ಎಂದು ಊಹಿಸಿಯಾರು. ವಾಸ್ತವದಲ್ಲಿ ಅದು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಬರೆದಿಡುವ ಕುರಿತಾಗಿದೆ (ಅಲ್ ಬಕರ: 282). ಹಣದ ವಿಷಯದಲ್ಲಿ ಇಷ್ಟೊಂದು ಎಚ್ಚರವನ್ನು ಕಲಿಸಿದ ಧರ್ಮವು ವಿವಾಹವನ್ನು ಬಲವಾದ ಕರಾರೆಂದು ಬಣ್ಣಿಸಿದೆ (ಅನ್ನಿಸಾ: 21). ಆದರೆ ಆ ಕರಾರಿನ ಕಾಗದಪತ್ರಗಳ ವಿಷಯದಲ್ಲಿ ನಮ್ಮ ಸಮುದಾಯದಷ್ಟು ಉದಾಸೀನ ತೋರುವವರು ವಿರಳ. ವಧು ಅಥವಾ ವರ ಬೇರೆ ದೇಶದ ಪ್ರಜೆಯಾಗಿದ್ದಾಗ ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು 2025ರ ಏಪ್ರಿಲ್ ತಿಂಗಳು ತೋರಿಸಿಕೊಟ್ಟಿತು.

ಆ ತಿಂಗಳ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಮಂದಿ ಅಮಾಯಕರನ್ನು ಕೊಂದರು. ಆ ಕೃತ್ಯವನ್ನು ಎಷ್ಟು ಖಂಡಿಸಿದರೂ ಸಾಲದು. ಮರುದಿನ ಅಟ್ಟಾರಿ ಗಡಿಯನ್ನು ಮುಚ್ಚುವುದಾಗಿ ಕೇಂದ್ರ ಸರಕಾರ ಘೋಷಿಸಿತು. ಪಾಕಿಸ್ತಾನೀಯರಿಗೆ ನೀಡಲಾಗಿದ್ದ ವೀಸಾಗಳು ಏಪ್ರಿಲ್ 27ರಿಂದ ರದ್ದಾದವು. ಅದರ ಬಿಸಿ ಮೈಸೂರಿಗೂ ತಟ್ಟಿತು. ಪಾಕಿಸ್ತಾನದ ಪ್ರಜೆಯೊಬ್ಬರನ್ನು ವಿವಾಹವಾಗಿದ್ದ ಮೈಸೂರಿನ ಮಹಿಳೆಯೊಬ್ಬರ ಮೂವರು ಎಳೆಯ ಮಕ್ಕಳು ವೀಸಾ ಪಡೆದು ಇಲ್ಲಿಗೆ ಬಂದಿದ್ದರು. ಆ ಮಕ್ಕಳು ಪಾಕಿಸ್ತಾನದ ಪ್ರಜೆಗಳು. ತಮ್ಮನ್ನು ಬಲವಂತವಾಗಿ ಕಳುಹಿಸಬಾರದು, ಸ್ವಲ್ಪ ಕಾಲಾವಕಾಶ ನೀಡಬೇಕು ಎಂದು ಅವರ ಹೆಸರಿನಲ್ಲಿ ಕರ್ನಾಟಕ ಹೈಕೋರ್ಟಿಗೆ ಅರ್ಜಿ ಸಲ್ಲಿಕೆಯಾಯಿತು. ಕೋರ್ಟು ಅದನ್ನು ಒಪ್ಪಲಿಲ್ಲ.

ಆ ಕುಟುಂಬದ ಒಳವಿವರಗಳಿಗೆ ನಾವು ಇಳಿಯಬೇಕಾಗಿಲ್ಲ. ಅಜ್ಜಿಯ ಮನೆಗೆ ಬಂದ ಮಕ್ಕಳು ವಿದೇಶೀಯರಾಗಿಬಿಡುವುದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಉತ್ತರ ಕಾನೂನಿನಲ್ಲಿದೆ. ವಿದೇಶದಲ್ಲಿ ಹುಟ್ಟಿದ ಮಗು ತಾಯಿಯ ಮೂಲಕವೂ ಭಾರತೀಯ ಪೌರತ್ವವನ್ನು ಪಡೆಯಬಲ್ಲದು. 1992ರ ತಿದ್ದುಪಡಿಯ ತನಕ ಈ ಹಕ್ಕು ತಂದೆಯ ಮೂಲಕ ಮಾತ್ರ ದಕ್ಕುತ್ತಿತ್ತು. ಆದರೆ 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಕ್ಕಳಿಗೆ ನಿಬಂಧನೆಯೊಂದಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನದ ನೋಂದಣಿಯಾಗಬೇಕು ಮತ್ತು ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಘೋಷಿಸಬೇಕು. ವರ್ಷ ಮೀರಿದರೆ ಕೇಂದ್ರ ಸರಕಾರದ ಅನುಮತಿ ಅಗತ್ಯ. ಮಗಳನ್ನು ಗಡಿಯಾಚೆ ಕಳುಹಿಸುವ ಎಷ್ಟು ಮಂದಿ ತಂದೆಯರಿಗೆ ಈ ಒಂದು ವರ್ಷದ ಗಡುವು ಗೊತ್ತಿದೆ?

ಅಳಿಯ ಮತ್ತು ಸೊಸೆಯ ನಡುವೆಯೂ ನಿಯಮಗಳು ಭೇದ ಮಾಡುತ್ತವೆ. ಭಾರತೀಯನನ್ನು ವಿವಾಹವಾಗಿ ಇಲ್ಲಿ ನೆಲೆಸುವ ಪಾಕಿಸ್ತಾನದ ಮಹಿಳೆಗೆ ದೀರ್ಘಾವಧಿ ವೀಸಾದ ಅವಕಾಶವನ್ನು ಕಲ್ಪಿಸಲಾಗಿದೆ. ಪಾಕಿಸ್ತಾನಕ್ಕೆ ಮದುವೆಯಾಗಿ ಹೋಗಿ ಅಲ್ಲಿನ ಪೌರತ್ವ ಪಡೆದ ಭಾರತ ಮೂಲದ ಹೆಣ್ಣು ವಿಧವೆಯಾಗಿಯೋ ವಿಚ್ಛೇದಿತೆಯಾಗಿಯೋ ಆಸರೆಯಿಲ್ಲದೆ ಮರಳಿದರೆ ಅವಳಿಗೂ ಈ ವೀಸಾ ಇದೆ. ಆದರೆ ನಮ್ಮ ಮಗಳನ್ನು ವಿವಾಹವಾದ ಪಾಕಿಸ್ತಾನದ ಅಳಿಯನಿಗೆ ಅಂತಹ ಪ್ರತ್ಯೇಕ ವರ್ಗವಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಎರಡು ದೇಶಗಳು ಮಾಡಿಕೊಂಡ ವೀಸಾ ಒಪ್ಪಂದವು ಒಬ್ಬರು ಈ ದೇಶದ, ಇನ್ನೊಬ್ಬರು ಆ ದೇಶದ ಪ್ರಜೆಯಾಗಿರುವ ದಂಪತಿಗಳಿಗೆ ಎರಡು ವರ್ಷಗಳ, ಹಲವು ಬಾರಿ ಬಂದು ಹೋಗಬಹುದಾದ ವೀಸಾದ ದಾರಿಯನ್ನು ತೆರೆದಿತ್ತು. 2025ರ ಏಪ್ರಿಲ್‌ನಲ್ಲಿ ವೀಸಾ ಸೇವೆಯೇ ಸ್ಥಗಿತಗೊಂಡಾಗ ಆ ದಾರಿಯೂ ಮುಚ್ಚಿತು.

ಸೊಸೆಯ ಸ್ಥಿತಿ ಸುರಕ್ಷಿತವೆಂದು ಭಾವಿಸುವಂತಿಲ್ಲ. ಅವಳು ತವರಿನವರನ್ನು ನೋಡಲು ಹೊರಟರೆ ಮರಳಿ ಬರಲು ಆಕ್ಷೇಪವಿಲ್ಲವೆಂಬ ಅನುಮತಿಯನ್ನು ಮೊದಲೇ ಪಡೆದಿರಬೇಕು. ಅದನ್ನು 'ನೋರಿ' ಎನ್ನುತ್ತಾರೆ. ಅದನ್ನು ಪಡೆದು ಹೋದವರ ಪೈಕಿಯೂ ಕೆಲವರು ಆ ದಿನಗಳಲ್ಲಿ ಗಡಿಯಲ್ಲಿ ಸಿಲುಕಿಕೊಂಡರು. ಆದ್ದರಿಂದ ಅವಳ ಮುಂದಿರುವ ಶಾಶ್ವತ ಪರಿಹಾರವೆಂದರೆ ಪೌರತ್ವ. ಭಾರತೀಯನನ್ನು ವಿವಾಹವಾಗಿ ಏಳು ವರ್ಷ ಇಲ್ಲಿ ವಾಸವಾಗಿರುವವರು ಪೌರತ್ವ ಕಾಯ್ದೆಯ ಐದನೇ ಸೆಕ್ಷನ್ನಿನಡಿ ನೋಂದಣಿಗೆ ಅರ್ಜಿ ಸಲ್ಲಿಸಬಹುದು. 2019ರ ತಿದ್ದುಪಡಿ ಕಾಯ್ದೆಯು ಮುಸ್ಲಿಮರನ್ನು ಹೊರಗಿಟ್ಟು ಮಾಡಿದ ಅನ್ಯಾಯ ಬೇರೆಯದೇ ವಿಷಯ. ಅದು ಈ ಸೆಕ್ಷನ್ನಿನ ಬಾಗಿಲನ್ನು ಮುಚ್ಚಿಲ್ಲ. ಏಳು ವರ್ಷ ಪೂರ್ಣಗೊಂಡರೂ ಅರ್ಜಿ ಹಾಕದೆ 'ವೀಸಾ ಹೇಗೂ ನವೀಕರಣವಾಗುತ್ತಿದೆಯಲ್ಲ' ಎಂದು ಕುಳಿತವರು ಎದ್ದುಕೊಳ್ಳಬೇಕಾದ ಕಾಲವಿದು.

ಇದು ಪಾಕಿಸ್ತಾನದೊಂದಿಗಿನ ಸಂಬಂಧಗಳಿಗೆ ಸೀಮಿತವಾದ ಸಮಸ್ಯೆಯಲ್ಲ. ಮಾನಸಗಂಗೋತ್ರಿಯಲ್ಲಿ ಇರಾನ್, ಯೆಮನ್, ಅಫ್ಘಾನಿಸ್ತಾನಗಳಿಂದ ಬಂದ ವಿದ್ಯಾರ್ಥಿಗಳು ಕಲಿತಿದ್ದಾರೆ. ವಿದ್ಯಾರ್ಥಿಯ ವೀಸಾ ವ್ಯಾಸಂಗದೊಂದಿಗೆ ಮುಗಿಯುತ್ತದೆ, ನಿಕಾಹ್ ಮುಗಿಯುವುದಿಲ್ಲ. ಭಾರತೀಯರ ವಿದೇಶೀ ಪತಿ ಅಥವಾ ಪತ್ನಿಗೆ 'ಎಂಟ್ರಿ ವೀಸಾ' ಇದೆ. ನೋಂದಣಿಯಾದ ವಿವಾಹವು ಎರಡು ವರ್ಷ ನಿರಂತರವಾಗಿ ಉಳಿದಿದ್ದರೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿಗೆ, ಅಂದರೆ ಒಸಿಐಗೆ, ಅರ್ಜಿ ಸಲ್ಲಿಸಬಹುದು. ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಮೂಲದವರಿಗೆ ಇದು ಲಭ್ಯವಿಲ್ಲ. ಇನ್ನು ನಮ್ಮ ಹುಡುಗಿ ಗಂಡನ ದೇಶಕ್ಕೆ ಹೋಗಬೇಕಾದರೆ ಅಲ್ಲಿನ ಕಾನೂನು ಅವಳನ್ನು ಪತ್ನಿಯೆಂದು ಒಪ್ಪಬೇಕು. ಸೌದಿ ಅರೇಬಿಯಾದ ಪ್ರಜೆ ವಿದೇಶೀಯಳನ್ನು ವಿವಾಹವಾಗಲು ಅಲ್ಲಿನ ಸರಕಾರದ ಅನುಮತಿ ಬೇಕು. ಆ ಅನುಮತಿಯಿಲ್ಲದೆ ಇಲ್ಲಿ ನಡೆದ ನಿಕಾಹ್‌ನ ಹೊರೆಯನ್ನು ಕೊನೆಗೆ ಹೊರುವವಳು ಹೆಣ್ಣೇ.

ಇವೆಲ್ಲಕ್ಕೂ ಬುನಾದಿ ವಿವಾಹದ ನೋಂದಣಿ. ಧರ್ಮಭೇದವಿಲ್ಲದೆ ಎಲ್ಲ ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು. 2023ರಲ್ಲಿ ರಾಜ್ಯ ಸರಕಾರವು ಮುಸ್ಲಿಮರಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ಕೊಟ್ಟಿತಾದರೂ 2024ರ ನವೆಂಬರ್‌ನಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಿತು. ಹೀಗಿರುವಾಗ ಮಸೀದಿಯ ನಿಕಾಹ್‌ನಾಮೆಯನ್ನು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗುವುದು ಜಾಣತನವಲ್ಲ. ಉಪನೋಂದಣಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತುವುದರಿಂದ ನಿಕಾಹ್‌ನ ಪಾವಿತ್ರ್ಯಕ್ಕೆ ಕುಂದುಂಟಾಗುವುದಿಲ್ಲ.

ಅಡ್ಡದಾರಿ ಹಿಡಿದವರ ಗತಿಯೂ ನಮ್ಮ ಕಣ್ಣ ಮುಂದಿದೆ. ದುಬೈಯಲ್ಲಿ ಭಟ್ಕಳದ ವ್ಯಕ್ತಿಯನ್ನು ವಿವಾಹವಾಗಿ, ಅಕ್ರಮವಾಗಿ ದೇಶದೊಳಗೆ ಬಂದು, ಸುಳ್ಳು ದಾಖಲೆಗಳನ್ನು ಮಾಡಿಸಿಕೊಂಡ ಆರೋಪದಲ್ಲಿ ಪಾಕಿಸ್ತಾನದ ಮಹಿಳೆಯೊಬ್ಬರನ್ನು 2021ರಲ್ಲಿ ಭಟ್ಕಳದಲ್ಲಿ ಪೊಲೀಸರು ಬಂಧಿಸಿದರು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶೀಯರ ಕಾಯ್ದೆಯಂತೂ ವೀಸಾ ಅವಧಿ ಮೀರಿ ಉಳಿಯುವವರಿಗೆ ಮೂರು ವರ್ಷದವರೆಗಿನ ಜೈಲು ಅಥವಾ ಮೂರು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಏಜೆಂಟನ ಬಾಯಿಮಾತು ಆ ದಿನ ನೆರವಿಗೆ ಬರುವುದಿಲ್ಲ.

ಸಮುದಾಯದ ಹೊಣೆಯನ್ನು ನೆನಪಿಸಿದ ಮಾತ್ರಕ್ಕೆ ಸರಕಾರದ ಹೊಣೆ ಇಲ್ಲವಾಗುವುದಿಲ್ಲ. ದೇಶದ ಭದ್ರತೆ ಪ್ರಶ್ನಾತೀತ. ಆದರೆ ಹಾಲುಗಲ್ಲದ ಮಕ್ಕಳಿಂದ, ಹತ್ತಾರು ವರ್ಷ ಪೊಲೀಸರ ಕಣ್ಗಾವಲಿನಲ್ಲೇ ಸಂಸಾರ ನಡೆಸಿದ ಸೊಸೆಯಂದಿರಿಂದ ಭದ್ರತೆಗೆ ಒದಗುವ ಅಪಾಯವಾದರೂ ಏನು? ಏಪ್ರಿಲ್ 24ರ ವಿದೇಶಾಂಗ ಸಚಿವಾಲಯದ ಪ್ರಕಟಣೆಯು ಹಿಂದೂ ಪಾಕಿಸ್ತಾನೀಯರ ದೀರ್ಘಾವಧಿ ವೀಸಾಗಳು ಮಾತ್ರ ಊರ್ಜಿತವೆಂಬಂತಿತ್ತು. ಬಳಿಕ ಗೃಹ ಸಚಿವಾಲಯದ ಆದೇಶವು ದೀರ್ಘಾವಧಿ ವೀಸಾಗಳಿಗೆ ರಿಯಾಯಿತಿ ನೀಡಿತು. ಆ ಎರಡರ ನಡುವಿನ ಅವಧಿಯಲ್ಲಿ ಎಷ್ಟು ಮನೆಗಳಲ್ಲಿ ಒಲೆ ಉರಿಯಲಿಲ್ಲವೋ ಅಲ್ಲಾಹನೇ ಬಲ್ಲ. ಕಣ್ಣೀರಿಗೆ ಧರ್ಮವಿದೆಯೇ? ತಾಯಿ ಭಾರತೀಯಳಾಗಿದ್ದರೆ ಅಪ್ರಾಪ್ತ ಮಕ್ಕಳ ಪ್ರಕರಣವನ್ನು ಪ್ರತ್ಯೇಕವಾಗಿ ಪರಿಶೀಲಿಸದೆ ಗಡಿಗೆ ಕಳುಹಿಸಬಾರದೆಂಬ ನಿಯಮವನ್ನು ಕೇಂದ್ರವು ರೂಪಿಸಬೇಕು. ನಮ್ಮ ಸಂಸದರು, ಶಾಸಕರು ಇದನ್ನು ಎತ್ತಬೇಕು.

ಮೈಸೂರಿನ ಜಮಾಅತ್‌ಗಳು ಅಲ್ಲಿಯ ತನಕ ಕಾಯಬೇಕಾಗಿಲ್ಲ. ಉದಯಗಿರಿಯಿಂದ ಮಂಡಿ ಮೊಹಲ್ಲಾದ ತನಕ ಪ್ರತಿಯೊಂದು ಮಸೀದಿಯ ಸಮಿತಿಯೂ ಒಂದು ನಿರ್ಧಾರ ಕೈಗೊಳ್ಳಲಿ: ವಧೂವರರಲ್ಲೊಬ್ಬರು ವಿದೇಶೀಯರಾಗಿದ್ದರೆ ಪಾಸ್‌ಪೋರ್ಟ್, ವೀಸಾದ ಅವಧಿ, ಅವರ ದೇಶದ ಅನುಮತಿಪತ್ರ ಮತ್ತು ನೋಂದಣಿಯ ಸಿದ್ಧತೆಯನ್ನು ನೋಡದೆ ನಿಕಾಹ್ ನೆರವೇರಿಸುವುದಿಲ್ಲ. ಹುಟ್ಟುವ ಮಕ್ಕಳ ಪೌರತ್ವ ಯಾವುದು, ಮಗಳು ತವರಿಗೆ ಬರುವ ದಾರಿ ಯಾವುದು ಎಂಬುದನ್ನು ವಲೀ ಕೇಳಿ ತಿಳಿಯಲಿ. ಸಮುದಾಯದ ವಕೀಲರು ತಿಂಗಳಿಗೊಂದು ದಿನವನ್ನು ಇದಕ್ಕಾಗಿ ಮೀಸಲಿಡಲಿ.

ವರನ ಸಂಬಳ, ಮನೆ, ಮನೆತನ ಎಲ್ಲವನ್ನೂ ವಿಚಾರಿಸುವ ನಾವು ಮಗಳ ಮರುದಾರಿಯನ್ನು ವಿಚಾರಿಸುವುದಿಲ್ಲವೆಂದಾದರೆ ಅದನ್ನು ಜವಾಬ್ದಾರಿಯೆಂದು ಕರೆಯಲಾದೀತೇ? ತವರಿನ ಬಾಗಿಲು ಮಗಳಿಗೆ ಸದಾ ತೆರೆದಿದೆ ಎಂದು ಹೇಳಿ ಕಳುಹಿಸುವ ತಂದೆ, ಆ ಬಾಗಿಲಿಗೂ ಮುನ್ನ ಗಡಿಯ ಬಾಗಿಲೊಂದಿದೆ ಎಂಬುದನ್ನು ಮರೆಯದಿರಲಿ.