ಅಭಿಮಾನಿಗಳಿಂದ ಚಳವಳಿಗಾರರು ಕಲಿಯಬೇಕಾದುದು

ಗಾಯಕರ, ನಟರ ಹಿಂದೆ ಬಿದ್ದ ತರುಣರನ್ನು ಕಂಡರೆ ಮೂಗು ಮುರಿಯುವ ಅಭ್ಯಾಸವು ನಮ್ಮ ಚಳವಳಿಗಾರರಲ್ಲಿ ಆಳವಾಗಿ ಬೇರೂರಿದೆ. ಹಗಲಿರುಳೂ ಮೊಬೈಲಿನಲ್ಲಿ ಜಯಕಾರ ಹಾಕುವವರಿಂದ ಸಮಾಜಕ್ಕೇನು ಪ್ರಯೋಜನವೆಂದು ಕೇಳುವ ಈ ಹಿರಿಯರು, 2020ರ ಅಕ್ಟೋಬರಿನಲ್ಲಿ ಬ್ಯಾಂಕಾಕ್ ನಗರದಲ್ಲಿ ನಡೆದುದನ್ನು ಸಾವಧಾನವಾಗಿ ಪರಿಶೀಲಿಸಬೇಕೆಂಬುದು ನನ್ನ ಆಗ್ರಹ.

ಥಾಯ್ಲೆಂಡಿನ ಅಂದಿನ ಪ್ರಧಾನಿ ಪ್ರಯುತ್ ಚಾನ್-ಓಚಾ ಅವರ ರಾಜೀನಾಮೆಯನ್ನೂ ರಾಜಸತ್ತೆಯ ಸುಧಾರಣೆಯನ್ನೂ ಬಯಸಿ ಬೀದಿಗಿಳಿದ ವಿದ್ಯಾರ್ಥಿಗಳು ಒಂದೆಡೆ ನೆರೆಯದಂತೆ ಸರ್ಕಾರವು ರೈಲು ನಿಲ್ದಾಣಗಳನ್ನು ಮುಚ್ಚಿಸಿ, ನೆರೆದವರ ಮೇಲೆ ಜಲಫಿರಂಗಿಗಳನ್ನು ಪ್ರಯೋಗಿಸಿದಾಗ, ಕೊರಿಯದ ಪಾಪ್ ಗಾಯಕರ ಥಾಯ್ ಅಭಿಮಾನಿಗಳು ಕೆಲವೇ ದಿನಗಳಲ್ಲಿ 40 ಲಕ್ಷ ಬಾತ್‌ಗೂ ಮಿಕ್ಕ ಹಣವನ್ನು ಕೂಡಿಸಿ, ಬಂಧಿತರ ಪರ ವಾದಿಸುವ ಮಾನವ ಹಕ್ಕುಗಳ ವಕೀಲರ ಸಂಸ್ಥೆಯ ನೆರವಿಗೆ ನಿಂತರು. ತಮ್ಮ ಮೆಚ್ಚಿನ ಗಾಯಕರ ಹುಟ್ಟುಹಬ್ಬಕ್ಕೆ ರೈಲು ನಿಲ್ದಾಣಗಳಲ್ಲಿ ಜಾಹೀರಾತು ಹಾಕಿಸುವುದು ಅವರಲ್ಲಿ ರೂಢಿಯಾಗಿತ್ತು. ಜನರಿಗೆ ಬಾಗಿಲು ಮುಚ್ಚಿದ ರೈಲಿಗೆ ಇನ್ನು ಕಾಸು ಕೊಡೆವೆಂದು ನಿಶ್ಚಯಿಸಿದವರು, ಪ್ರವಾಸಿಗರಿಲ್ಲದೆ ದುಡಿಮೆ ಕಳೆದುಕೊಂಡಿದ್ದ ಟುಕ್‌ಟುಕ್ ಚಾಲಕರಿಗೆ ಆ ಹಣವನ್ನಿತ್ತು, ಅವರ ಗಾಡಿಗಳ ಬೆನ್ನಿಗೆ ಅದೇ ಗಾಯಕರ ನಗುಮುಖದ ಚಿತ್ರಗಳನ್ನು ಕಟ್ಟಿಸಿದರು.

ಈ ಸಾಮರ್ಥ್ಯವು ಒಂದು ವಾರದಲ್ಲಿ ಹುಟ್ಟಿದುದಲ್ಲ. ಹುಟ್ಟುಹಬ್ಬಕ್ಕೆ ಚಂದಾ ಎತ್ತುವುದು, ಬಂದುದಕ್ಕೆ ಎಲ್ಲರೆದುರು ಲೆಕ್ಕವೊಪ್ಪಿಸುವುದು, ಕೊರಿಯದ ಸಂದರ್ಶನವೊಂದನ್ನು ರಾತ್ರೋರಾತ್ರಿ ತಮ್ಮ ಭಾಷೆಗೆ ತರುವುದು, ಹೊಸಬರನ್ನು ಕೈಹಿಡಿದು ಕೆಲಸಕ್ಕೆ ಹಚ್ಚುವುದು ಇವೇ ಮೊದಲಾದ ಸಣ್ಣಪುಟ್ಟ ಕಾರ್ಯಗಳನ್ನು ವರ್ಷಗಟ್ಟಲೆ ಸಂತೋಷದಿಂದ ನಡೆಸಿಕೊಂಡು ಬಂದವರಲ್ಲಿ ಪರಸ್ಪರ ವಿಶ್ವಾಸವು ಬಿಕ್ಕಟ್ಟಿಗೆ ಮೊದಲೇ ಸಿದ್ಧವಾಗಿತ್ತು, ಉದ್ದೇಶವೊಂದೇ ಬದಲಾಗಬೇಕಾಗಿದ್ದಿತು. ನಮ್ಮ ಸಂಘಟನೆಗಳಾದರೋ ಅನಾಹುತವಾದ ಮರುದಿನ ಸಭೆ ಕರೆದು, ಕರಪತ್ರ ಹಂಚಿ, ಧರಣಿಯ ಶಾಮಿಯಾನ ಬಿಚ್ಚಿದೊಡನೆ ಬಂದವರ ಹೆಸರನ್ನೂ ಮರೆಯುತ್ತವೆ.

ಅಭಿಮಾನವು ಅಂಧವಾಗಿ, ಟೀಕಿಸಿದವರ ಮೇಲೆ ಮುಗಿಬೀಳುವ ಕ್ರೌರ್ಯವಾದುದನ್ನು ನಾವೂ ಕಂಡಿದ್ದೇವೆ, ಅದು ಅಕ್ಷಮ್ಯ. ಆದರೆ ಬ್ಯಾಂಕಾಕಿನ ಅಭಿಮಾನಿಗಳು ಗಾಯಕರ ಅಪ್ಪಣೆಗಾಗಿ ಕಾಯಲಿಲ್ಲವೆಂಬುದನ್ನು ಗಮನಿಸಬೇಕು. ನಮ್ಮಲ್ಲಾದರೋ, ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೋರಿ ಸಾಹಿತಿಗಳು ಹೂಡಿದ್ದ ಗೋಕಾಕ್ ಚಳವಳಿಗೆ 1982ರಲ್ಲಿ ಡಾ. ರಾಜ್‌ಕುಮಾರ್ ಅವರು ಧುಮುಕಿದಾಗ ಊರೂರುಗಳಲ್ಲಿ ಜನಸಾಗರ ಉಕ್ಕಿತು. ಕನ್ನಡಿಗರಿಗೆ ಅದು ಎಂದೆಂದಿಗೂ ಹೆಮ್ಮೆಯ ನೆನಪು. ಅಂತಹ ಮಹನೀಯರೊಬ್ಬರ ಕರೆ ಬಾರದಿದ್ದರೆ ಊರೂರಿನ ಅಭಿಮಾನಿ ಸಂಘಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದುವೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡದು.

ಇನ್ನಾದರೂ ನಮ್ಮ ಸಂಘಟನೆಗಳಿಗೆ ಐವತ್ತು ರೂಪಾಯಿ ಕೊಟ್ಟ ವಿದ್ಯಾರ್ಥಿನಿಗೆ ಅದು ಯಾವುದಕ್ಕೆ ವ್ಯಯವಾಯಿತೆಂಬ ಲೆಕ್ಕವು ಅದೇ ವಾರ ತಲುಪಲಿ. ಹಾಡಬಲ್ಲವನಿಗೆ ಹಾಡುವ, ಅನುವಾದಿಸಬಲ್ಲವಳಿಗೆ ಅನುವಾದಿಸುವ ಕೆಲಸವು ಧರಣಿಯಿಲ್ಲದ ದಿನಗಳಲ್ಲಿಯೂ ದೊರೆಯಲಿ. ಇಷ್ಟನ್ನೂ ಮಾಡಲಾರದ ನಾಯಕರು, ತರುಣರು ಬರುವುದಿಲ್ಲವೆಂದು ವೇದಿಕೆಯ ಮೇಲೆ ದೂರುವುದನ್ನು ನಿಲ್ಲಿಸಬೇಕು.