ಮಗ್ಗವಿರುವ ಮನೆಯ ಅಳತೆ

ಕೊಯಮತ್ತೂರು ಸೀಮೆಯ ಸೂಲೂರು, ಸೋಮನೂರು ಸುತ್ತಮುತ್ತ ವಿದ್ಯುತ್ ಮಗ್ಗವೇ ಬದುಕು. ಆ ಸೀಮೆಯ ಕನ್ನಡ ಮಾತಿನ ದೇವಾಂಗ ನೇಕಾರರಲ್ಲೂ ಎಷ್ಟೋ ಕುಟುಂಬಗಳಿಗೆ ಮನೆಯೇ ಕಾರ್ಖಾನೆ. ಇಂಥವರಿಗೆ ಪುಟ್ಟ ಮನೆಗಳಿಗೆ ಕೊಡುವ ಮಡಚುವ ಮಂಚ, ಗೋಡೆ ಕಪಾಟಿನ ಸಲಹೆ ಸಾಲದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಎಂದಿದೆ. ಆ ಲೆಕ್ಕದಲ್ಲಿ ದುಡಿಮೆಗೆ ಜಾಗವಿಲ್ಲ. ಅಲ್ಲಿಗೆ ಮಗ್ಗ ಬಂದರೆ ಮಕ್ಕಳ ಓದು, ಹಿರಿಯರ ನಿದ್ದೆ ಎಲ್ಲವೂ ಸದ್ದು ಮತ್ತು ಹತ್ತಿಯ ಧೂಳಿನ ನಡುವೆಯೇ. ಅಟ್ಟ ಕಟ್ಟಿ ಸಾಮಾನು ಮೇಲೇರಿಸಬಹುದು, ಮಗ್ಗವನ್ನಲ್ಲ. ಹಾಗಾಗಿ ಮೊದಲು ಹೊರಹೋಗಬೇಕಾದದ್ದು ಅದೇ, ಬೀದಿಗೊಂದು ಸಾಮೂಹಿಕ ಶೆಡ್ಡಿಗೆ. ಒಲೆ, ಮಗು ನೋಡಿಕೊಳ್ಳುತ್ತ ನೇಯುವ ಹೆಂಗಸರಿಗೆ ಇದರಿಂದ ಕೆಲಸ ತಪ್ಪೀತು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಶೆಡ್ ಊರಾಚೆ ಬೇಡ, ಮನೆಯ ಕೂಗಳತೆಯಲ್ಲೇ ಇರಬೇಕು. ಬಾಡಿಗೆ ಹೊರೆಯಾಗದಂತೆ ನೆಲವನ್ನು ಪಂಚಾಯಿತಿಯೇ ಒದಗಿಸಬೇಕು.